ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಕುಮಟೆಯ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ನಾಲ್ಕು ತಿಂಗಳು ಜಡಿಯುವ ಮಳೆಗೆ ಇಲ್ಲಿ ಭತ್ತ, ತೆಂಗು, ಅಡಿಕೆಯೇ ಸರಿ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರಿನ ಹತ್ತಿ ಮಾರಾಟವಾಗುತ್ತಿತ್ತು. ಅದನ್ನು ಬೆಳೆದವರು ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಹೊಲದ ರೈತರು. ಹೆಸರು ಮಾತ್ರ ಅದನ್ನು ಹಡಗು ಹತ್ತಿಸಿದ ಊರಿನದು.

ಕುಮಟೆಯ ಜವಳಿ ಅಂಗಡಿಯಲ್ಲಿ ಅರಿವೆ ಅಳೆದು ಹರಿದುಕೊಡುತ್ತ ವಯಸ್ಸು ಕಳೆದವನು ನಾನು. “ತಮ್ಮಾ, ಇದು ಯಾವ ದೇಶದ ಮಾಲು?” ಎಂದು ಗಿರಾಕಿಗಳು ಕೇಳಿದಾಗಲೆಲ್ಲ ನನಗೆ ಈ ಹತ್ತಿಯೇ ನೆನಪಾಗುತ್ತದೆ. ಅವರು ಕೇಳುವುದು ಸರಿಯಾದ ಪ್ರಶ್ನೆ. ಆದರೆ ಚೀಟಿಯಲ್ಲಿರುವ ಊರು ಮಾಲು ದಾಟಿಬಂದ ಬಾಗಿಲಷ್ಟೇ ಆಗಿರಬಹುದು.

ಹತ್ತಿ ಬರುತ್ತಿದ್ದ ದಾರಿ ಶಿರಸಿಯದು. ಗಾಡಿಗಳು ದೇವಿಮನೆ ಘಟ್ಟ ಇಳಿದು ಕುಮಟೆ ಸೇರುತ್ತಿದ್ದವು. ಮಳೆಗಾಲದಲ್ಲಿ ಕಡಲು ಮುಚ್ಚುವುದರಿಂದ ಮಳೆ ಹಿಡಿಯುವ ಮೊದಲೇ ಅಂಡಿಗೆಗಳನ್ನು ಪತ್ತೆಮಾರಿ ಎಂಬ ಹಾಯಿಹಡಗುಗಳಿಗೆ ತುಂಬಿ ಮುಂಬಯಿಗೆ ಕಳಿಸಬೇಕಿತ್ತು. ಅಲ್ಲಿಂದ ಮುಂದೆ ಇಂಗ್ಲೆಂಡು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ನಮ್ಮ ಹತ್ತಿಯ ಮೇಲೆ ಬಿತ್ತು, ಬೆಲೆ ಮುಗಿಲಿಗೇರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಹಸಿವಿತ್ತು. ಒಂದು ಜಿಲ್ಲೆಯ ಗಡಿಯನ್ನೇ ಪರದೇಶದ ಗಿರಣಿಯ ಅನುಕೂಲಕ್ಕೆ ಸರಿಸಿದರು! ಹತ್ತಿಗೆ ಕಸ, ಬೀಜ, ನೀರು ಸೇರಿಸುವ ಮೋಸವೂ ಆಗ ಸಾಮಾನ್ಯ ದೂರು. ಅದನ್ನು ತಡೆಯಲೆಂದೇ 1863ರಲ್ಲಿ ಮುಂಬಯಿ ಸರಕಾರ ಕಾಯ್ದೆ ತಂದಿತು.

ಹೋದ ಹತ್ತಿ ಅರಿವೆಯಾಗಿ ಮರಳುತ್ತಿತ್ತು. ಮ್ಯಾಂಚೆಸ್ಟರಿನ ತಾನುಗಳ ಮೇಲೆ ಲಕ್ಷ್ಮಿ, ಕೃಷ್ಣರ ಬಣ್ಣದ ಚಿತ್ರದ ಚೀಟಿ ಅಂಟಿಸಿರುತ್ತಿದ್ದರು. ನೇಯ್ದದ್ದು ಲ್ಯಾಂಕಾಷೈರಿನ ಯಂತ್ರ, ಚಿತ್ರದಲ್ಲಿ ನಮ್ಮ ಮನೆದೇವರು. ಕೊಳ್ಳುವವರ ಭಕ್ತಿಯನ್ನು ವ್ಯಾಪಾರಕ್ಕೆ ಬಳಸಿದ ಈ ಜಾಣತನವನ್ನು ನಾನು ಇಂದಿಗೂ ಕ್ಷಮಿಸಲಾರೆ. ಸ್ವದೇಶಿ ಚಳವಳಿ ‘ಎಲ್ಲಿಯದು’ ಎಂಬ ಪ್ರಶ್ನೆಯನ್ನು ಮುಂದಿಟ್ಟದ್ದಕ್ಕೆ ಇಂಥ ಕಾರಣಗಳಿದ್ದವು. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉಪ್ಪಿನಂತೆ ಉಡುಪೂ ಆ ಹೋರಾಟದ ಭಾಗವೇ.

ಅಷ್ಟರಲ್ಲಿ ಕುಮಟೆಯ ಹತ್ತಿ ವ್ಯಾಪಾರ ಮುಗಿದಿತ್ತು. 1880ರ ದಶಕದಲ್ಲಿ ಬಂದ ರೈಲು ಬಯಲುಸೀಮೆಯ ಹತ್ತಿಯನ್ನು ಮರ್ಮಗೋವಾ ಬಂದರಿಗೆ ಎಳೆದುಕೊಂಡಿತು.

 

ಕುಮಟೆಯದು ಹಳೆಯ ಕತೆಯಾದರೆ, ಇದೇ ಕರಾವಳಿಯ ಭಟ್ಕಳದ್ದು ನಮ್ಮ ಕಣ್ಣೆದುರಿನದು. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಊರದು. ಅಲ್ಲಿಯ ನವಾಯತ ಮುಸ್ಲಿಮರು ತಲೆಮಾರುಗಳಿಂದ ಜವಳಿ ವ್ಯಾಪಾರದಲ್ಲಿ ಪಳಗಿದವರು. 1970ರ ದಶಕದ ಹೊತ್ತಿಗೆ ಗಲ್ಫಿಗೆ ಹೋದವರ ಪೆಟ್ಟಿಗೆಗಳಲ್ಲಿ ಪಾಲಿಯೆಸ್ಟರ್ ಅರಿವೆ ಬರತೊಡಗಿತು. ಅಂಚಿನಲ್ಲಿ ‘ಮೇಡ್ ಇನ್ ಜಪಾನ್’ ಎಂಬ ಅಚ್ಚಿದ್ದರೆ ಸಾಕು, ಮದುವೆ ಮನೆಯವರು ದರ ಕೇಳುತ್ತಿರಲಿಲ್ಲ. ಅರಿವೆ ಗಟ್ಟಿಯೇ, ಬಣ್ಣವೂ ಬಿಡುತ್ತಿರಲಿಲ್ಲ. ಆದರೆ ಏಪ್ರಿಲ್-ಮೇ ತಿಂಗಳ ನಮ್ಮ ಬೆವರಿಗೆ ಅದು ಹೊಂದುವ ಬಟ್ಟೆಯಲ್ಲ. ದೇಶದ ಹೆಸರಿಗೆ ದುಡ್ಡು ಕೊಟ್ಟು, ಮೈಗೆ ಏನು ಬೇಕೆಂಬುದನ್ನು ಜನ ಮರೆತರು. 2001ರ ಏಪ್ರಿಲ್ 1ರಂದು ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳು ಹೋದ ಮೇಲೆ ಹೊರದೇಶದ ಉಡುಪು ಅಪರೂಪವಾಗಿ ಉಳಿಯಲಿಲ್ಲ.

ಇಂದು ಅಂಗಿಯ ಕತ್ತಿನ ಪಟ್ಟಿಯಲ್ಲಿ ಬಾಂಗ್ಲಾದೇಶವೆಂದಿದ್ದರೆ ಕೆಲವರು ಮೂಗು ಮುರಿಯುತ್ತಾರೆ. ಅದು ತಪ್ಪು. ಹೊಲಿಗೆ ಕಳಪೆಯಾಗಲು ದೇಶ ಕಾರಣವಲ್ಲ. ಹಾಗೆಂದು ಆ ಹೆಸರು ನಿರರ್ಥಕವೂ ಅಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹೊಲಿದ ಉಡುಪು ಯಾವ ಕಂಪನಿಗಳಿಗೆ ಹೋಗುತ್ತಿತ್ತೆಂದು ಅವಶೇಷಗಳಲ್ಲಿ ಸಿಕ್ಕ ಪಟ್ಟಿಗಳು ಹೇಳಿದವು. ನಮ್ಮ ದೇಶದ ಹೆಸರಿದ್ದ ಮಾತ್ರಕ್ಕೆ ಎಲ್ಲ ನೆಟ್ಟಗಿದೆ ಎಂದೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ತಮ್ಮ ಭವಿಷ್ಯನಿಧಿಗಾಗಿ ಬೀದಿಗಿಳಿಯಬೇಕಾಯಿತು.

ಆದ್ದರಿಂದ ಅರಿವೆ ಕೊಳ್ಳುವಾಗ ಪಟ್ಟಿಯನ್ನು ತಪ್ಪದೆ ಓದಿ, ದೇಶ ನೋಡಿ. ಅಲ್ಲಿಗೇ ನಿಲ್ಲಬೇಡಿ. ನೂಲು ಯಾವುದು, ನೇಯ್ದವರು ಎಲ್ಲಿಯವರು, ಹೊಲಿದದ್ದು ಎಲ್ಲಿ ಎಂದು ಅಂಗಡಿಯವರನ್ನು ಕೇಳಿ. ಹತ್ತು ಗಿರಾಕಿಗಳು ಕೇಳಿದರೆ ಅಂಗಡಿಯವನು ಮಾಲು ತರುವಾಗ ಅದನ್ನೇ ಸಗಟು ವ್ಯಾಪಾರಿಯನ್ನು ಕೇಳುತ್ತಾನೆ. ನಾನೂ ಹಾಗೇ ಕೇಳುವುದನ್ನು ಕಲಿತೆ.