ರಸೆಲ್ ಕಂಡ ರಷ್ಯಾ, 1920

ಯುದ್ಧವಿರೋಧಿ ಬರಹಕ್ಕಾಗಿ 1918ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಜೈಲು ಕಂಡಿದ್ದ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್, 1920ರ ಮೇ ತಿಂಗಳಲ್ಲಿ ಬ್ರಿಟಿಷ್ ಕಾರ್ಮಿಕ ನಿಯೋಗದ ಜೊತೆ ರಷ್ಯಾಕ್ಕೆ ಹೋದರು. ತಪ್ಪು ಹುಡುಕಲು ಹೋದವರಲ್ಲ. ಬಂಡವಾಳಶಾಹಿ ಹೋಗಿ ಸಮಾಜವಾದ ಬರಬೇಕೆಂದು ಬಯಸಿದವರು.

ಮಾಸ್ಕೋದಲ್ಲಿ ಲೆನಿನ್ ಜೊತೆ ಸುಮಾರು ಒಂದು ಗಂಟೆ ಮಾತು, ಅದೂ ಇಂಗ್ಲಿಷಿನಲ್ಲೇ. ಬರಿದಾದ ಕೋಣೆ, ಹಮ್ಮುಬಿಮ್ಮಿಲ್ಲದ ನಡೆ ರಸೆಲ್‌ಗೆ ಹಿಡಿಸಿದವು. ಆದರೆ ಬಡ ರೈತರನ್ನು ಉಳ್ಳವರ ಮೇಲೆ ಎತ್ತಿಕಟ್ಟಿದ್ದನ್ನೂ, ಬಡವರು ಉಳ್ಳವರನ್ನು ಮರಕ್ಕೆ ನೇತುಹಾಕಿದ್ದನ್ನೂ ಹೇಳಿ ಲೆನಿನ್ ನಕ್ಕರಲ್ಲ, ಆ ನಗು ರಸೆಲ್‌ರ ಮನಸ್ಸಿನಿಂದ ಕೊನೆವರೆಗೂ ಮಾಸಲಿಲ್ಲ. ಪೆಟ್ರೋಗ್ರಾಡ್‌ನಲ್ಲಿ ಹಾಸಿಗೆ ಹಿಡಿದಿದ್ದ ಲೇಖಕ ಗೋರ್ಕಿಯನ್ನು ಕಂಡರು. ಹಡಗಿನಲ್ಲಿ ವೋಲ್ಗಾ ನದಿಯಗುಂಟ ಅಸ್ತ್ರಾಖಾನ್‌ವರೆಗೂ ಹೋದರು.

ಅದೇ ವರ್ಷ ಹೊರಬಂದ ಅವರ ಪುಸ್ತಕ ‘ದಿ ಪ್ರಾಕ್ಟೀಸ್ ಅಂಡ್ ಥಿಯರಿ ಆಫ್ ಬೋಲ್ಶೆವಿಸಂ’ ಎಡಪಂಥೀಯ ಗೆಳೆಯರನ್ನು ಕೆರಳಿಸಿತು. ರಷ್ಯಾದ ಹಸಿವಿಗೆ ಯುದ್ಧ ಮತ್ತು ಪಾಶ್ಚಾತ್ಯರ ದಿಗ್ಬಂಧನವೂ ಕಾರಣ ಎಂದು ರಸೆಲ್ ಒಪ್ಪಿದ್ದರು. ಅವರ ವಿರೋಧಿಗಳು ಈ ಭಾಗವನ್ನು ಅನುಕೂಲಕ್ಕೆ ತಕ್ಕಂತೆ ಮರೆಯುವುದುಂಟು. ರಸೆಲ್‌ರ ತಕರಾರು ಬೇರೆಯೇ: ಬೋಲ್ಶೆವಿಕ್ ಸಿದ್ಧಾಂತ ಪ್ರಶ್ನೆಗೆ ನಿಲುಕದ ಮತಶ್ರದ್ಧೆಯಾಗಿದೆ, ಮತ್ತು ಕೆಲವರ ಮುಷ್ಟಿಗೆ ಸಿಕ್ಕ ಅಧಿಕಾರವನ್ನು ಅವರಾಗಿ ಬಿಟ್ಟುಕೊಡಲಾರರು. ಸ್ಟಾಲಿನ್ ಹೆಸರು ಹೊರಜಗತ್ತಿಗೆ ಇನ್ನೂ ಅಷ್ಟಾಗಿ ತಿಳಿಯದ ಕಾಲದಲ್ಲಿ ಬರೆದ ಮಾತಿದು.

ಅದೇ ಬೇಸಿಗೆಯಲ್ಲಿ ಬೇರೆಯಾಗಿಯೇ ರಷ್ಯಾಕ್ಕೆ ಹೋದ ರಸೆಲ್‌ರ ಗೆಳತಿ ಡೋರಾ ಬ್ಲ್ಯಾಕ್ ಮಾತ್ರ ಉತ್ಸಾಹ ತುಂಬಿಕೊಂಡು ಮರಳಿದರು. ಇಬ್ಬರಿಗೂ ಜೋರು ಜಗಳವಾಯಿತು. ಆದರೂ ಪುಸ್ತಕದ ಕಲೆ ಮತ್ತು ಶಿಕ್ಷಣದ ಅಧ್ಯಾಯ ಬರೆದವರು ಡೋರಾ. ಮರುವರ್ಷ ಇಬ್ಬರೂ ಮದುವೆಯಾದರು.