ಮರಳಿನ ಸಂದಿಯ ಚಪ್ಪಟೆಹುಳು: ‘ಮ್ಯಾಕ್ರೊಸ್ಟೋಮಮ್ ಲಿಗ್ನಾನೊ’ ಪ್ರಭೇದದ ಗುರುತಿಸುವಿಕೆ

ಪೀಠಿಕೆ

ಕಡಲದಂಡೆಯ ಒದ್ದೆ ಮರಳಿನ ಕಣಗಳ ನಡುವಣ ಸಂದುಗಳಲ್ಲಿ ಒಂದೆರಡು ಮಿಲಿಮೀಟರಿಗೂ ಚಿಕ್ಕದಾದ ಅಸಂಖ್ಯ ಪ್ರಾಣಿಗಳು ಬಾಳುತ್ತವೆ. ಭಾರತದಲ್ಲಿ ಇವುಗಳ ಅಧ್ಯಯನವನ್ನು 1960ರ ದಶಕದಲ್ಲಿ ವಾಲ್ಟೇರ್ ಕರಾವಳಿಯಲ್ಲಿ ಪಿ. ಎನ್. ಗಣಪತಿ ಮತ್ತು ಜಿ. ಚಂದ್ರಶೇಖರ ರಾವ್ ನಡೆಸಿದರು. ಈ ಜೀವಸಮುದಾಯದಲ್ಲಿ ಚಪ್ಪಟೆಹುಳುಗಳನ್ನು ಗುರುತಿಸುವುದು ಬಲು ಕಷ್ಟ. ಅವಕ್ಕೆ ಚಿಪ್ಪಿಲ್ಲ, ಅಸ್ಥಿಯಿಲ್ಲ. ಸಂರಕ್ಷಕ ದ್ರಾವಣಕ್ಕೆ ಬಿದ್ದೊಡನೆ ಮೆತ್ತನೆಯ ದೇಹ ಮುದುಡಿ ಲಕ್ಷಣಗಳು ಅಳಿಸಿಹೋಗುತ್ತವೆ. ಹಾಗಾದರೆ ಹೊಸ ಪ್ರಭೇದವೆಂದು ಸಾರಲು ಯಾವ ಆಧಾರ ಸಾಕು? ಏಡ್ರಿಯಾಟಿಕ್ ಕಡಲಿನ ಉತ್ತರ ತೀರದ ಒಂದು ಹುಳುವಿನ ಮೂಲಕ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹೆಸರಿಗೂ ಮುಂಚಿನ ಹುಳು

ಇಟಲಿಯ ಲಿಗ್ನಾನೊ ಬಳಿಯ ಮರಳಿನಲ್ಲಿ ಸಿಕ್ಕ ಈ ಹುಳುವನ್ನು ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಡಯಾಟಮ್ ಪಾಚಿ ಉಣಿಸಿ ಸಾಕಲಾಯಿತು. 2000ದ ಹೊತ್ತಿಗೆ ಅದರ ಆಕರಕೋಶಗಳ ಕುರಿತು ಪ್ರಬಂಧ ಪ್ರಕಟವಾಗಿತ್ತು. ಆದರೆ ಅದರಲ್ಲಿ ಹುಳುವಿಗೆ ಕುಲನಾಮ ಮಾತ್ರವಿತ್ತು. 2005ರಲ್ಲಿ ಲಾಡುರ್ನರ್, ಶೇರರ್, ಸಾಲ್ವೆನ್‌ಮೋಸರ್ ಮತ್ತು ರೀಗರ್ ಅದನ್ನು ವಿಧ್ಯುಕ್ತವಾಗಿ ವರ್ಣಿಸಿ ಪ್ರಭೇದನಾಮ ಕೊಟ್ಟರು.

ಲಕ್ಷಣ ಪರೀಕ್ಷೆ

ಮರಳನ್ನು ಮೆಗ್ನೀಸಿಯಮ್ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿದಾಗ ಹುಳುಗಳು ಮಂಪರಿಗೆ ಜಾರಿ ಕಣಗಳ ಮೇಲಿನ ಹಿಡಿತ ಸಡಿಲಿಸುತ್ತವೆ. ಪಾತ್ರೆಯನ್ನು ತಿರುಗಿಸಿ ಮೇಲಿನ ನೀರನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿದರೆ ಅವು ಬೇರ್ಪಡುತ್ತವೆ. ಈ ಹಿಡಿತ ಅಲ್ಪದ್ದಲ್ಲ: ಲಿಗ್ನಾನೊ ಹುಳುವಿನ ಬಾಲದಂಚಿನಲ್ಲಿ ಸುಮಾರು 130 ಅಂಟಂಗಗಳಿವೆ. ಪ್ರತಿಯೊಂದರಲ್ಲೂ ಅಂಟು ಸ್ರವಿಸುವ ಕೋಶ, ಅಂಟು ಬಿಡಿಸುವ ಕೋಶ ಮತ್ತು ಆಸರೆಯ ಕೋಶ ಇರುತ್ತವೆ.

ಜೀವಂತ ಹುಳುವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಕವರ್‌ಸ್ಲಿಪ್ಪಿನಿಂದ ಹದವಾಗಿ ಒತ್ತಿದಾಗ ಪಾರದರ್ಶಕ ದೇಹದೊಳಗಿನ ಅಂಗಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ: ಮುಂದೆ ಜೋಡಿ ಕಣ್ಣು, ನಡುವೆ ಕರುಳು, ಅದರ ಎರಡು ಬದಿಗೆ ವೃಷಣಗಳು, ಅವುಗಳ ಹಿಂದೆ ಅಂಡಾಶಯಗಳು. ಹುಳು ಉಭಯಲಿಂಗಿ. ಬಾಲದ ಭಾಗದಲ್ಲಿ ಸಂಗಮಕ್ಕೆ ಬಳಕೆಯಾಗುವ ಗಟ್ಟಿ ಕೊಳವೆ, ಅಂದರೆ ಸ್ಟೈಲೆಟ್ ಕಾಣುತ್ತದೆ. ಅದರ ಬಾಗು, ತುದಿಯ ದಪ್ಪ, ರಂಧ್ರದ ಆಕಾರ ಇವೇ ಈ ಕುಲದ ವರ್ಗೀಕರಣದ ಮುಖ್ಯ ಆಧಾರ. ವೀರ್ಯಾಣುವಿನ ಇಕ್ಕೆಲದ ಬಿರುಗೂದಲುಗಳೂ ಮಹತ್ವದವು. ಅವು ಪರಸ್ಪರ ಸಂಗಮ ನಡೆಸುವ ಪ್ರಭೇದಗಳಲ್ಲಿ ಕಾಣುತ್ತವೆ. ಜೊತೆಗಾರನ ಚರ್ಮವನ್ನು ಸೂಜಿಯಂತೆ ಚುಚ್ಚಿ ವೀರ್ಯ ಸೇರಿಸುವ ಪ್ರಭೇದಗಳ ವೀರ್ಯಾಣು ಸರಳವಾಗಿರುತ್ತದೆ. ಹೀಗೆ ದೇಹರಚನೆ ವರ್ತನೆಯನ್ನೂ ತಿಳಿಸುತ್ತದೆ.

ಚರ್ಚೆ

ಜೀವಂತ ಹುಳುವನ್ನು ಒತ್ತಿ ನೋಡಿದಾಗ ಕಂಡ ಲಕ್ಷಣಗಳು ಸಂರಕ್ಷಿಸಿದ ಮೇಲೆ ಪೂರ್ತಿ ಉಳಿಯುವುದಿಲ್ಲ. ಆದ್ದರಿಂದಲೇ 2005ರ ಲೇಖಕರು ಜೀವಂತ ಪ್ರಾಣಿಯ ಡಿಜಿಟಲ್ ಚಿತ್ರೀಕರಣವನ್ನು ವರ್ಗೀಕರಣದ ಸಾಧನವಾಗಿ ಮುಂದಿಟ್ಟರು. ಪ್ರಾಣಿನಾಮಕರಣ ಸಂಹಿತೆ ಪ್ರಕಾರ ಮೂಲನಮೂನೆಯನ್ನು, ಅಂದರೆ ಹೆಸರಿಗೆ ಆಧಾರವಾದ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಲೇಬೇಕು. ಆದರೆ ಸಂರಕ್ಷಿತ ಹುಳುವನ್ನು ಕೊಯ್ದು ಸ್ಲೈಡಿನ ಮೇಲಿಟ್ಟ ತೆಳು ಛೇದಗಳು ತೋರಿಸದ್ದನ್ನು ಚಿತ್ರೀಕರಣ ತೋರಿಸುತ್ತದೆ. ಮುಂದಿನ ಸಂಶೋಧಕರು ಅದನ್ನು ಮತ್ತೆ ಅಳೆದು ಪರೀಕ್ಷಿಸಬಲ್ಲರು.

ಆದರೂ ರೂಪವೊಂದೇ ಸಾಲದು. ನಂತರದ ವರ್ಷಗಳಲ್ಲಿ ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯಿಂದ ವರ್ಣಿತವಾದ ‘ಮ್ಯಾಕ್ರೊಸ್ಟೋಮಮ್ ಜಾನಿಕಿ’ ಇದರ ಅತ್ಯಂತ ಸಮೀಪದ ಬಂಧು. ಎರಡೂ ಪರಸ್ಪರ ಕೂಡಿ ಫಲವಂತ ಮಿಶ್ರಸಂತತಿಯನ್ನೂ ಕೊಡಬಲ್ಲವು. ಇಲ್ಲಿ ಡಿಎನ್ಎ ಸಾಕ್ಷ್ಯ ಅನಿವಾರ್ಯ. ವರ್ಣತಂತುಗಳ ಸಂಖ್ಯೆಯನ್ನಷ್ಟೇ ನೆಚ್ಚಿಕೊಳ್ಳುವಂತೆಯೂ ಇಲ್ಲ: ಲಿಗ್ನಾನೊ ಹುಳುವಿಗೆ ಸಾಮಾನ್ಯವಾಗಿ 8 ವರ್ಣತಂತುಗಳಿದ್ದರೂ ಪ್ರಯೋಗಾಲಯದ ತಳಿಗಳಲ್ಲಿ 9 ಅಥವಾ 10 ಇರುವ ಹುಳುಗಳೂ ಸಿಕ್ಕಿವೆ.

ಉಪಸಂಹಾರ

ಮರಳಿನ ಚಪ್ಪಟೆಹುಳುವಿನ ಪ್ರಭೇದ ನಿರ್ಣಯಕ್ಕೆ ಜೀವಂತ ಪ್ರಾಣಿಯ ಚಿತ್ರ, ಸ್ಟೈಲೆಟ್ಟಿನ ಅಳತೆ, ವೀರ್ಯಾಣುವಿನ ರಚನೆ ಮತ್ತು ಡಿಎನ್ಎ ನಾಲ್ಕೂ ಒಂದೇ ಹುಳುವಿನಿಂದ ದೊರೆತಷ್ಟೂ ತೀರ್ಮಾನ ಗಟ್ಟಿಯಾಗುತ್ತದೆ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ದಂಡೆಗಳಲ್ಲಿ ಮರಳು ಜರಡಿ ಹಿಡಿಯುವ ವಿದ್ಯಾರ್ಥಿಗಳು ಹುಳುವನ್ನು ಸಂರಕ್ಷಕಕ್ಕೆ ಹಾಕುವ ಮೊದಲು ಜೀವಂತವಾಗಿಯೇ ಚಿತ್ರಿಸಿಕೊಳ್ಳಬೇಕು. ಆ ದಾಖಲೆಯಿಲ್ಲದೆ ಇಟ್ಟ ಹೆಸರನ್ನು ಮುಂದಿನವರು ಪರಿಶೀಲಿಸುವುದು ದುಸ್ತರ.