ಸಣ್ಣ ವಾಚ್ ಕಂಪನಿಗಳ ಎಂಜಿನ್ ಎಲ್ಲಿಂದ ಬರುತ್ತೆ?

ಕೀ ಕೊಡೋ ವಾಚೋ ಆಟೋಮ್ಯಾಟಿಕ್ ವಾಚೋ ಬೇಕು ಅಂತ ಹುಡುಕಿದರೆ ಈಗ ಹೆಸರೇ ಕೇಳಿರದ ಹತ್ತಾರು ಕಂಪನಿಗಳು ಕಾಣಿಸುತ್ತವೆ. ಇಬ್ಬರೋ ಮೂವರೋ ಸೇರಿ ನಡೆಸೋವು. ಸ್ವಂತ ಫ್ಯಾಕ್ಟರಿ ಇಲ್ಲ, ಶೋರೂಮ್ ಇಲ್ಲ. ಡಿಸೈನ್ ಅವರದು, ಕೇಸ್ ಒಂದು ಕಡೆ ಮಾಡಿಸಿದ್ದು, ಡಯಲ್ಲು ಮುಳ್ಳು ಇನ್ನೊಂದು ಕಡೆ. ಒಳಗಿನ ಎಂಜಿನ್, ಅಂದರೆ ಮೂವ್‌ಮೆಂಟ್, ಮೂರನೆಯವರದು. ಹಾಗಾಗಿ "ಇವರೇನು ವಾಚ್ ಮಾಡೋರಾ, ಬರೀ ಜೋಡಿಸೋರು" ಅಂತ ಮೂಗು ಮುರಿಯೋರು ತುಂಬಾ ಜನ ಇದ್ದಾರೆ.

ಆದರೆ ಸ್ವಿಸ್ ವಾಚ್ ಉದ್ಯಮ ಬೆಳೆದಿದ್ದೇ ಜೋಡಿಸೋದರಿಂದ. ಜೂರಾ ಬೆಟ್ಟಗಳಲ್ಲಿ ಚಳಿಗಾಲ ಪೂರ್ತಿ ಹಿಮ, ಹೊಲದ ಕೆಲಸ ಇಲ್ಲ. ರೈತರು ಮನೆಯ ಕಿಟಕಿ ಪಕ್ಕ ಕೂತು ಬಿಡಿಭಾಗ ಮಾಡೋರು. ಒಬ್ಬರ ಮನೆಯಲ್ಲಿ ಸ್ಕ್ರೂ, ಮತ್ತೊಬ್ಬರ ಮನೆಯಲ್ಲಿ ಹಲ್ಲುಚಕ್ರ. ಇದನ್ನೆಲ್ಲ ಕೊಂಡು ಜೋಡಿಸಿ ತನ್ನ ಹೆಸರು ಹಾಕಿ ಮಾರೋನು ಎಟಾಬ್ಲಿಸರ್. ಅರ್ಧ ತಯಾರಾದ ಎಂಜಿನ್‌ಗೆ ಎಬೋಶ್ ಅಂತ ಹೆಸರು. ಎಬೋಶ್ ಸಿಕ್ಕಿದರೆ ಸಣ್ಣವನೂ ವಾಚ್ ಕಂಪನಿ ನಡೆಸಬಹುದಿತ್ತು.

ಅಂದಮೇಲೆ ಎಬೋಶ್ ಯಾರ ಕೈಯಲ್ಲಿದೆಯೋ ಉದ್ಯಮ ಅವರ ಕೈಯಲ್ಲಿ, ಅಲ್ವಾ? 1926ರಲ್ಲಿ ದೊಡ್ಡ ತಯಾರಕರು ಒಟ್ಟಾಗಿ ಎಬೋಶ್ ಎಸ್.ಎ. ಕಟ್ಟಿದರು. 1931ರಲ್ಲಿ ಸರ್ಕಾರದ ದುಡ್ಡೂ ಸೇರಿ ಅದರ ಮೇಲೆ ಅಸುವಾಗ್ ಅನ್ನೋ ಹೋಲ್ಡಿಂಗ್ ಕಂಪನಿ ಬಂತು. 1934ರಿಂದ ಎಬೋಶ್, ಬಿಡಿಭಾಗಗಳನ್ನ ಹೊರದೇಶಕ್ಕೆ ಕಳಿಸೋಕೂ ಪರ್ಮಿಟ್ ಬೇಕಾಯಿತು.

ಕ್ವಾರ್ಟ್ಜ್ ಕಥೆ ನಿಮಗೆ ಗೊತ್ತು. 1969ರ ಡಿಸೆಂಬರ್ 25ರಂದು ಸೈಕೋ ಆಸ್ಟ್ರಾನ್ ಬಂತು. 1970ರಲ್ಲಿ ಸುಮಾರು 90,000 ಜನಕ್ಕೆ ಕೆಲಸ ಕೊಡುತ್ತಿದ್ದ ಸ್ವಿಸ್ ಉದ್ಯಮ ಎಂಬತ್ತರ ದಶಕದ ನಡುವೆ 30,000ದ ಆಸುಪಾಸಿಗೆ ಇಳಿಯಿತು. 1983ರ ವಿಲೀನದಲ್ಲಿ ಉಳಿದ ಎಂಜಿನ್ ಫ್ಯಾಕ್ಟರಿಗಳಲ್ಲಿ ಬಹುಪಾಲು ಈಗಿನ ಸ್ವಾಚ್ ಗ್ರೂಪ್ ಕೈಗೆ, ಅಂದರೆ ಅದರ ಎಟಾ ಕಂಪನಿಗೆ ಬಂದವು. ಎಟಾದ 2824 ಎಷ್ಟು ಬ್ರ್ಯಾಂಡ್‌ಗಳ ಒಳಗೆ ಓಡಿತೋ ಲೆಕ್ಕ ಇಲ್ಲ.

2002ರಲ್ಲಿ ಸ್ವಾಚ್ ಗ್ರೂಪಿನ ನಿಕೊಲಾಸ್ ಹಾಯೆಕ್ "ಹೊರಗಿನವರಿಗೆ ಎಬೋಶ್ ಕೊಡೋದು ನಿಲ್ಲಿಸ್ತೀವಿ" ಅಂದರು. ನಾವು ನಂಬಿಕೊಂಡ ಎಪಿಐ ಡೆಪ್ರಿಕೇಟ್ ಆಗುತ್ತೆ ಅಂತ ಮೇಲ್ ಬಂದ ಹಾಗೆ ಅಂದುಕೊಳ್ಳಿ. ಕಾರ್ಖಾನೆಗೆ ಬಂಡವಾಳ ನಾವು ಹಾಕೋದು, ಜಾಹೀರಾತಿಗೆ ದುಡ್ಡು ಸುರಿದು ಲಾಭ ಬೇರೆಯವರು ಮಾಡೋದು ಅನ್ನೋ ಅವರ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಸ್ಪರ್ಧಾ ಆಯೋಗ ಮಧ್ಯೆ ಬಂದು 2010ರ ಕೊನೆಯವರೆಗೆ ಕೊಡಲೇಬೇಕು ಅಂತು. ಆ ಗಡುವಿನಲ್ಲಿ ಸೆಲಿಟಾ ಬೆಳೆಯಿತು. ಎಟಾ ಎಬೋಶ್‌ಗಳನ್ನೇ ಜೋಡಿಸಿ ಕೊಡುತ್ತಿದ್ದ ಕಂಪನಿ ಅದು. 2824ರ ಪೇಟೆಂಟ್ ಮುಗಿದಿದ್ದರಿಂದ ಅದೇ ಅಳತೆಯ ಎಸ್‌ಡಬ್ಲ್ಯು200 ಮಾಡಿತು. ನಮ್ಮ ಭಾಷೆಯಲ್ಲಿ ಡ್ರಾಪ್-ಇನ್ ರಿಪ್ಲೇಸ್‌ಮೆಂಟ್.

ಕಮ್ಮಿ ಬೆಲೆಯ ಬಾಗಿಲು ತೆರೆದವರು ಮಾತ್ರ ಜಪಾನಿನವರು. ಸೈಕೋ ಬಳಗದ ಎನ್‌ಎಚ್35 ಗಂಟೆಗೆ 21,600 ಬಡಿತ, ಪೂರ್ತಿ ಕೀ ಆದರೆ ಸುಮಾರು 41 ಗಂಟೆ ಓಡುತ್ತೆ. ಯಾವ ಸಣ್ಣ ಕಂಪನಿ ಬೇಕಾದರೂ ಕೊಳ್ಳಬಹುದು. ಇನ್ನೊಂದು ಮಿಯೋಟಾ, ಅದು ಸಿಟಿಜನ್ ಬಳಗದ್ದು. 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್‌ನಲ್ಲಿ ಮುಂಗಡ ದುಡ್ಡು ಎತ್ತಿ, ಈ ಎಂಜಿನ್ ಹಾಕಿ, ನೇರ ಗಿರಾಕಿಗೆ ಪಾರ್ಸೆಲ್ ಮಾಡೋದು. ಮೈಕ್ರೋಬ್ರ್ಯಾಂಡ್ ಅಂದರೆ ಬಹುಪಾಲು ಇಷ್ಟೇ.

ಸಿಟಿಜನ್ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಗಿದ್ದು ಅವರ ಸಹಯೋಗದಲ್ಲೇ. ಅಪ್ಪನ ಕೈಯಲ್ಲಿದ್ದ ಜನತಾ ವಾಚಿನ 17 ಜ್ಯುವೆಲ್ ಎಂಜಿನ್ ಸಿಟಿಜನ್ ವಿನ್ಯಾಸದಿಂದ ಬಂದಿದ್ದು. ವ್ಯತ್ಯಾಸ ಏನಂದ್ರೆ, ಎಚ್‌ಎಂಟಿ ಆ ಎಂಜಿನ್ ಮಾಡೋದನ್ನ ಕಲಿತು ಇಲ್ಲೇ ಮಾಡಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ನಷ್ಟದ ಲೆಕ್ಕ ಎಲ್ಲರೂ ಹೇಳ್ತಾರೆ. ಆ ಎಂಜಿನ್ನನ್ನ ಹೊರಗಿನವರಿಗೆ ಮಾರೋ ಒಂದು ಸಣ್ಣ ಘಟಕವಾದರೂ ಉಳಿದಿದ್ದರೆ ಅನ್ನೋ ಪ್ರಶ್ನೆ ಮಾತ್ರ ನನ್ನನ್ನ ಬಿಡಲ್ಲ. 2018ರಲ್ಲಿ ಶುರುವಾದ ಬೆಂಗಳೂರು ವಾಚ್ ಕಂಪನಿ ಮಿಗ್-21 ನೆನಪಿಗೆ ಮಾಕ್ 1 ಅನ್ನೋ ವಾಚ್ ತಂದಿತು (ಅದು ಅಗ್ಗದ್ದಲ್ಲ, ಬಿಡಿ). ಅದರ ಎಂಜಿನ್ ಸ್ವಿಸ್.

ಹಳೇ ಎಚ್‌ಎಂಟಿ ಎಂಜಿನ್‌ಗಳು ಇನ್ನೂ ಓಡ್ತಾ ಇವೆ. ಸಿಕ್ಕ ಬಿಡಿಭಾಗ ಸೇರಿಸಿ, ಡಯಲ್‌ಗೆ ಹೊಸ ಬಣ್ಣ ಬಳಿದು ಆನ್‌ಲೈನ್‌ನಲ್ಲಿ ಮಾರೋ ವಾಚುಗಳಿಗೆ ಹೊರದೇಶದ ಸಂಗ್ರಾಹಕರು "ಮುಂಬೈ ಸ್ಪೆಷಲ್" ಅಂತ ಹೆಸರಿಟ್ಟಿದ್ದಾರೆ. ಅದು ಹೊಗಳಿಕೆ ಅಲ್ಲ. ಆದರೂ ಆ ಎಂಜಿನ್ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಮತ್ತೆ ಓಡಿಸೋ ಕೈ ಇನ್ನೂ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ಎನ್‌ಎಚ್35 ಕೆಟ್ಟರೆ ಬಹಳಷ್ಟು ಕಡೆ ಬಿಚ್ಚೋದೇ ಇಲ್ಲ, ಇಡೀ ಎಂಜಿನ್ ತೆಗೆದು ಹೊಸದು ಕೂರಿಸ್ತಾರೆ.